ಆಟ ನಿಂತ ಮೇಲೂ ನಿಲ್ಲದ ಕಾವಲು: ವ್ಯಾಲರಂಟ್ ಗೇಮಿನ ‘ವ್ಯಾನ್‌ಗಾರ್ಡ್’ ತಂತ್ರಾಂಶದ ಪ್ರಕರಣ ಅಧ್ಯಯನ

2020ರ ಏಪ್ರಿಲ್ 7ರಂದು ರಯಟ್ ಗೇಮ್ಸ್ ಕಂಪನಿಯು ‘ವ್ಯಾಲರಂಟ್’ ಎಂಬ ತನ್ನ ಹೊಸ ಶೂಟಿಂಗ್ ಗೇಮನ್ನು ಆಯ್ದ ಆಟಗಾರರಿಗೆ ಪ್ರಾಯೋಗಿಕವಾಗಿ ತೆರೆಯಿತು. ತಲಾ ಐವರ ಎರಡು ತಂಡಗಳು ಸೆಣಸುವ ಈ ಆಟದಲ್ಲಿ ಗುರಿ ಮತ್ತು ಸಮಯಪ್ರಜ್ಞೆಯೇ ಸರ್ವಸ್ವವಾದ್ದರಿಂದ, ಮೋಸದ ತಂತ್ರಾಂಶ ಬಳಸುವ ಒಬ್ಬನೇ ಒಬ್ಬ ಆಟಗಾರ ಉಳಿದ ಒಂಬತ್ತು ಮಂದಿಯ ಆಟವನ್ನೂ ಕೆಡಿಸಬಲ್ಲ. ಇದನ್ನು ತಡೆಯಲೆಂದೇ ಕಂಪನಿಯು ‘ವ್ಯಾನ್‌ಗಾರ್ಡ್’ ಎಂಬ ಆ್ಯಂಟಿ-ಚೀಟ್ ತಂತ್ರಾಂಶವನ್ನು ಗೇಮಿನ ಜೊತೆಗೆ ಕಡ್ಡಾಯ ಮಾಡಿತ್ತು. ಕೆಲವೇ ದಿನಗಳಲ್ಲಿ ಆಟಗಾರರು ಒಂದು ಸಂಗತಿಯನ್ನು ಗಮನಿಸಿದರು. ವ್ಯಾನ್‌ಗಾರ್ಡ್‌ನ ಒಂದು ಭಾಗ ಗೇಮ್ ತೆರೆದಾಗ ಎಚ್ಚರಗೊಳ್ಳುತ್ತಿರಲಿಲ್ಲ. ಕಂಪ್ಯೂಟರ್ ಆನ್ ಆಗುತ್ತಿದ್ದಂತೆಯೇ, ವಿಂಡೋಸ್‌ನ ಜೊತೆಗೇ ಅದೂ ಮೇಲೇಳುತ್ತಿತ್ತು. ಆ ದಿನ ಗೇಮ್ ಆಡಿದರೂ ಆಡದಿದ್ದರೂ ಅದು ಅಲ್ಲಿಯೇ ಇರುತ್ತಿತ್ತು.

ಅಂದು ಆರಂಭವಾದ ವಾದ ಇಂದಿಗೂ ಮುಗಿದಿಲ್ಲ. ‘ರಯಟ್ ನಮ್ಮ ಮೇಲೆ ಗೂಢಚರ್ಯೆ ನಡೆಸುತ್ತಿದೆಯೇ’ ಎಂಬ ಪ್ರಶ್ನೆಯ ಸುತ್ತಲೇ ಅದು ಹೆಚ್ಚಾಗಿ ಸುತ್ತಿದೆ. ಹಾಗೆ ನಡೆದಿದೆ ಎನ್ನಲು ಸಾರ್ವಜನಿಕವಾಗಿ ಯಾವ ಪುರಾವೆಯೂ ಇಲ್ಲ, ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಆದರೆ ಪುರಾವೆ ಇಲ್ಲವೆಂದ ಮಾತ್ರಕ್ಕೆ ಪ್ರಕರಣ ಇತ್ಯರ್ಥವಾಗುವುದಿಲ್ಲ ಎಂಬುದು ಈ ಅಧ್ಯಯನದ ನಿಲುವು. ಒಂದು ಮನರಂಜನಾ ಕಂಪನಿಗೆ ಎಷ್ಟು ಅಧಿಕಾರ ಒಪ್ಪಿಸಲಾಗಿದೆ, ಆ ಅಧಿಕಾರದ ಬಳಕೆಯನ್ನು ಪರೀಕ್ಷಿಸಲು ಒಪ್ಪಿಸಿದವನಿಗೆ ಏನಾದರೂ ದಾರಿ ಇದೆಯೇ, ಒಪ್ಪಿಗೆ ನೀಡುವಾಗ ಅವನಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆಗಳನ್ನು ಇಲ್ಲಿ ಕೈಗೆತ್ತಿಕೊಳ್ಳಲಾಗಿದೆ.

ಕರ್ನಲ್‌ನಲ್ಲಿ ಜಾಗ ಸಿಗುವುದೆಂದರೆ

ಕಂಪ್ಯೂಟರಿನಲ್ಲಿ ನಾವು ಬಳಸುವ ಬ್ರೌಸರ್, ವರ್ಡ್, ಗೇಮ್ ಮುಂತಾದ ಸಾಮಾನ್ಯ ತಂತ್ರಾಂಶಗಳು ‘ಯೂಸರ್ ಮೋಡ್’ ಎಂಬ ಹೊರಪದರದಲ್ಲಿ ಕೆಲಸ ಮಾಡುತ್ತವೆ. ಮೆಮೊರಿಯನ್ನು ಯಾರಿಗೆ ಎಷ್ಟು ಹಂಚಬೇಕು, ಯಾವ ತಂತ್ರಾಂಶ ಯಾವ ಕಡತವನ್ನು ಮುಟ್ಟಬಹುದು, ಕೀಬೋರ್ಡ್ ಒತ್ತಿದ್ದನ್ನು ಯಾರಿಗೆ ತಲುಪಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವ ಕೇಂದ್ರಭಾಗವೇ ಕರ್ನಲ್. ಹೊರಪದರದ ತಂತ್ರಾಂಶಗಳು ಏನೇ ಬೇಕಿದ್ದರೂ ಕರ್ನಲ್ ಅನ್ನು ಕೇಳಬೇಕು, ಅದು ಬೇಡವೆಂದರೆ ಸುಮ್ಮನಿರಬೇಕು. ಗ್ರಾಫಿಕ್ಸ್ ಕಾರ್ಡ್, ಆ್ಯಂಟಿವೈರಸ್‌ಗಳ ‘ಡ್ರೈವರ್’ ಎಂಬ ಸಹಾಯಕ ತಂತ್ರಾಂಶಗಳಂತಹ ಕೆಲವಕ್ಕೆ ಮಾತ್ರ ಕರ್ನಲ್‌ನ ಒಳಗೇ ಜಾಗ ಸಿಗುತ್ತದೆ. ಅಲ್ಲಿ ಸೇರಿದ ಡ್ರೈವರ್ ಇಡೀ ಮೆಮೊರಿಯನ್ನು ಓದಬಲ್ಲದು, ಬೇರೆ ತಂತ್ರಾಂಶವನ್ನು ತಡೆಯಬಲ್ಲದು, ಬಯಸಿದರೆ ತನ್ನನ್ನೇ ಮರೆಮಾಡಿಕೊಳ್ಳಲೂಬಲ್ಲದು. ಅದರಲ್ಲೊಂದು ದೋಷವಿದ್ದರೆ ಆ ತಂತ್ರಾಂಶವೊಂದೇ ನಿಲ್ಲುವುದಿಲ್ಲ, ಇಡೀ ಯಂತ್ರವೇ ನೀಲಿ ಪರದೆ ತೋರಿಸಿ ಕುಸಿಯಬಹುದು.

ವ್ಯಾನ್‌ಗಾರ್ಡ್‌ಗೆ ಎರಡು ಭಾಗಗಳಿವೆ. ಮೊದಲನೆಯದು ಗೇಮ್ ನಡೆಯುವಾಗ ಹೊರಪದರದಲ್ಲಿ ಓಡುವ ಸೇವೆ, ಎರಡನೆಯದು ಕರ್ನಲ್‌ನಲ್ಲಿ ಕೂರುವ ಡ್ರೈವರ್. ಕರ್ನಲ್‌ನಲ್ಲಿ ಕೂರುವ ಆ್ಯಂಟಿ-ಚೀಟ್ ಆಗಲೂ ಹೊಸದಾಗಿರಲಿಲ್ಲ. ಬ್ಯಾಟಲ್‌ಐ, ಈಸಿ ಆ್ಯಂಟಿ-ಚೀಟ್ ಮುಂತಾದವು ಎಷ್ಟೋ ವರ್ಷಗಳಿಂದ ಅಲ್ಲಿದ್ದವು. ಆದರೆ ಅವು ಸಾಮಾನ್ಯವಾಗಿ ಗೇಮ್ ಜೊತೆ ಬಂದು ಗೇಮ್ ಜೊತೆ ಹೋಗುತ್ತಿದ್ದವು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಇರುವುದನ್ನು ಯಾವ ವಿದ್ಯಾರ್ಥಿಯೂ ಆಕ್ಷೇಪಿಸುವುದಿಲ್ಲ. ಅದೇ ಮೇಲ್ವಿಚಾರಕರು ವಿದ್ಯಾರ್ಥಿಯ ಮನೆಯಲ್ಲೇ ಉಳಿದುಕೊಂಡು, ‘ಪರೀಕ್ಷೆ ಇಲ್ಲದ ದಿನ ನಾನೇನೂ ನೋಡುವುದಿಲ್ಲ’ ಎಂದು ಮಾತು ಕೊಟ್ಟರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮನೆಯವರಿಗೆ ಕಸಿವಿಸಿಯಾಗುವುದು ಸಹಜ. ವ್ಯಾನ್‌ಗಾರ್ಡ್ ವಿರುದ್ಧ ಎದ್ದ ಆಕ್ಷೇಪದ ತಿರುಳು ಇದೇ.

ಕಂಪನಿಯ ವಾದದಲ್ಲಿನ ಸತ್ಯ

ಮೋಸಗಾರಿಕೆ ಇಂದು ಹವ್ಯಾಸವಾಗಿ ಉಳಿದಿಲ್ಲ, ತಿಂಗಳ ಚಂದಾ ಕಟ್ಟಿಸಿಕೊಂಡು ನಡೆಯುವ ವ್ಯಾಪಾರವಾಗಿದೆ. ಎದುರಾಳಿಯ ತಲೆಗೆ ತಾನಾಗಿಯೇ ಗುರಿ ಕೂರಿಸುವ ಏಮ್‌ಬಾಟ್, ಗೋಡೆಯಾಚೆ ನಿಂತವರನ್ನೂ ತೋರಿಸುವ ವಾಲ್‌ಹ್ಯಾಕ್ ಇದರ ಮುಖ್ಯ ಸರಕು. ಭಾರತದ ಆಟಗಾರರಿಗೆ ಇದು ದೂರದ ಕಥೆಯಲ್ಲ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ‘ವರ್ಡ್.ಎಕ್ಸಿ’ ಎಂಬ ಅಮಾಯಕ ಹೆಸರಿನಡಿ ಏಮ್‌ಬಾಟ್ ಸಿಕ್ಕಿತು. ತಂಡ ಅನರ್ಹಗೊಂಡಿತು, ನಂತರ ವಿಸರ್ಜನೆಯೂ ಆಯಿತು. ತಪ್ಪು ಮಾಡದ ನಾಲ್ವರು ಸಹ ಆಟಗಾರರ ಶ್ರಮವೂ ಅದರ ಜೊತೆಗೇ ಕೊಚ್ಚಿಹೋಯಿತು. ಆ್ಯಂಟಿ-ಚೀಟ್ ಬೇಡವೇ ಬೇಡ ಎನ್ನುವವರು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಂಪ್ಯೂಟರ್ ಬೂಟ್ ಆಗುವಾಗಲೇ, ಅಂದರೆ ಆನ್ ಆಗುತ್ತಿದ್ದಂತೆಯೇ, ವ್ಯಾನ್‌ಗಾರ್ಡ್ ಏಳಬೇಕಾದದ್ದೇಕೆ ಎಂಬುದಕ್ಕೂ ತಾಂತ್ರಿಕ ಉತ್ತರವಿದೆ. ಮೋಸದ ತಂತ್ರಾಂಶ ಬರೆಯುವವರು ಬಹಳ ಹಿಂದೆಯೇ ಕರ್ನಲ್ ಪ್ರವೇಶಿಸಿದ್ದರು. ತಯಾರಕರ ಗುರುತನ್ನು ದೃಢಪಡಿಸುವ ಡಿಜಿಟಲ್ ಸಹಿಯಿಲ್ಲದ ಡ್ರೈವರ್‌ಗಳನ್ನು ವಿಂಡೋಸ್ ಒಳಬಿಡುವುದಿಲ್ಲ. ಆದ್ದರಿಂದ ಅವರು ಯಾವುದೋ ಕಂಪನಿಯ, ಸರಿಯಾದ ಸಹಿಯಿರುವ ಆದರೆ ಒಳಗೆ ಲೋಪವಿರುವ ಹಳೆಯ ಡ್ರೈವರ್ ಒಂದನ್ನು ಮೊದಲು ಸೇರಿಸಿ, ಆ ಲೋಪದ ಮೂಲಕ ತಮ್ಮ ಕೋಡನ್ನು ಕರ್ನಲ್‌ಗೆ ನುಸುಳಿಸುತ್ತಾರೆ. ಒಮ್ಮೆ ಅಲ್ಲಿಗೆ ಸೇರಿದರೆ ಹೊರಪದರದ ಆ್ಯಂಟಿ-ಚೀಟ್ ಕೇಳುವ ಪ್ರಶ್ನೆಗಳಿಗೆಲ್ಲ ಸುಳ್ಳು ಉತ್ತರ ಕೊಡಿಸಬಹುದು. ಯಾರು ಮೊದಲು ಒಳಹೊಕ್ಕರೋ ಅವರ ಕೈ ಮೇಲು. ಆದ್ದರಿಂದ ಯಂತ್ರ ಆರಂಭವಾದ ಕ್ಷಣದಿಂದ ಯಾವ ಯಾವ ಡ್ರೈವರ್‌ಗಳು ಸೇರುತ್ತಿವೆ ಎಂಬುದನ್ನು ನೋಡುತ್ತಿರದೆ ಗೇಮಿನ ಪರಿಸರ ಶುದ್ಧವಾಗಿದೆ ಎಂದು ಹೇಳಲಾಗದು ಎಂದು ರಯಟ್ ವಾದಿಸಿತು. ಈ ವಾದ ನೆಪವಲ್ಲ, ಅದರಲ್ಲಿ ತಥ್ಯವಿದೆ.

ಕಂಪನಿ ಇನ್ನೊಂದು ಮಾತನ್ನೂ ಹೇಳಿತ್ತು: ಬಳಕೆದಾರರ ಖಾಸಗಿ ಮಾಹಿತಿ ಕದಿಯುವುದೇ ಉದ್ದೇಶವಾಗಿದ್ದರೆ ಕರ್ನಲ್‌ನ ಅಗತ್ಯವೇ ಇರಲಿಲ್ಲ, ಹೊರಪದರದಿಂದಲೇ ಅದು ಸಾಧ್ಯ. ಇದೂ ನಿಜ. 2014ರ ಫೆಬ್ರುವರಿಯಲ್ಲಿ ವಾಲ್ವ್ ಎಂಬ ಗೇಮ್ ಕಂಪನಿಯ ಆ್ಯಂಟಿ-ಚೀಟ್ ಯಾವ ಡ್ರೈವರ್‌ನ ನೆರವೂ ಇಲ್ಲದೆ ಆಟಗಾರರ ಡಿಎನ್‌ಎಸ್ ದಾಖಲೆಯನ್ನು ನೋಡುತ್ತಿದ್ದುದು ಬಯಲಾಯಿತು. ಯಾವ ಯಾವ ಜಾಲತಾಣಗಳನ್ನು ತೆರೆಯಲಾಗಿತ್ತು ಎಂಬುದರ ಸುಳಿವು ಅದರಲ್ಲಿರುತ್ತದೆ. ಆಗ ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಸ್ವತಃ ಮುಂದೆ ಬಂದು, ಮೋಸದ ತಂತ್ರಾಂಶ ಮಾರುವವರ ಪರವಾನಗಿ ಸರ್ವರ್‌ಗಳಿಗೆ ಸಂಪರ್ಕವಾಗಿದೆಯೇ ಎಂದಷ್ಟೇ ನೋಡಲಾಗಿತ್ತು, ಇದರಿಂದ 570 ಮಂದಿ ಮೋಸಗಾರರು ಸಿಕ್ಕಿದರು ಎಂದು ವಿವರಿಸಿದರು. ಆದರೂ ರಯಟ್‌ನ ಈ ವಾದ ಅರ್ಧ ದಾರಿಯಷ್ಟೇ ಕ್ರಮಿಸುತ್ತದೆ. ಹೊರಪದರದ ತಂತ್ರಾಂಶ ಏನು ಮಾಡುತ್ತಿದೆ ಎಂಬುದನ್ನು ಬಲ್ಲವರು ಹೊರಗಿನಿಂದ ಪತ್ತೆಹಚ್ಚಬಹುದು. ವಾಲ್ವ್ ಪ್ರಕರಣ ಬೆಳಕಿಗೆ ಬಂದದ್ದೂ ಹಾಗೆಯೇ. ಕರ್ನಲ್‌ನಲ್ಲಿ ಕುಳಿತು, ತನ್ನನ್ನು ಯಾರೂ ಪರಿಶೀಲಿಸದಂತೆ ಉದ್ದೇಶಪೂರ್ವಕವಾಗಿ ಕವಚ ತೊಟ್ಟ ತಂತ್ರಾಂಶದ ವಿಷಯದಲ್ಲಿ ಆ ಪರಿಶೀಲನೆ ಹತ್ತಾರು ಪಟ್ಟು ಕಷ್ಟ. ಮೋಸಗಾರರಿಂದ ಮರೆಯಾಗಿರಲು ತೊಟ್ಟ ಕವಚವೇ ಪ್ರಾಮಾಣಿಕ ಆಟಗಾರನ ಕಣ್ಣಿಗೂ ಪರದೆಯಾಗುತ್ತದೆ. ಇದು ರಯಟ್‌ನ ದುರುದ್ದೇಶವಲ್ಲ, ಈ ವಿಧಾನದಲ್ಲೇ ಅಂತರ್ಗತವಾಗಿರುವ ತೊಡಕು.

ಆಕ್ಷೇಪದ ನಂತರದ ಬದಲಾವಣೆಗಳು

ಆಕ್ಷೇಪ ಎದ್ದಾಗ ಕಂಪನಿ ಸುಮ್ಮನಿರಲಿಲ್ಲ. ಡ್ರೈವರ್ ಯಾವ ಮಾಹಿತಿಯನ್ನೂ ಸಂಗ್ರಹಿಸಿ ಕಳಿಸುವುದಿಲ್ಲ, ಗೇಮ್ ನಡೆಯದಿರುವಾಗ ಶೋಧ ನಡೆಸುವುದಿಲ್ಲ, ಹೊರಗಿನ ಭದ್ರತಾ ಪರಿಣತರಿಂದ ಪರೀಕ್ಷೆ ಮಾಡಿಸಲಾಗಿದೆ, ಬೇಡವೆಂದರೆ ಯಾವಾಗ ಬೇಕಿದ್ದರೂ ತೆಗೆದುಹಾಕಬಹುದು ಎಂದು ಆ್ಯಂಟಿ-ಚೀಟ್ ವಿಭಾಗದವರು ಬಹಿರಂಗವಾಗಿ ತಿಳಿಸಿದರು. ಅದೇ ಏಪ್ರಿಲ್‌ನಲ್ಲಿ, ವ್ಯಾನ್‌ಗಾರ್ಡ್‌ನಲ್ಲಿ ಗಂಭೀರ ಲೋಪ ಹುಡುಕಿಕೊಟ್ಟವರಿಗೆ 1,00,000 ಡಾಲರ್‌ವರೆಗೆ ಬಹುಮಾನ ಪ್ರಕಟಿಸಿದರು. ಅದೇ ಸುಮಾರಿಗೆ ಇನ್ನೊಂದು ತೊಂದರೆ ಎದ್ದಿತು: ಲೋಪವಿರುವ ಡ್ರೈವರ್‌ಗಳನ್ನು ವ್ಯಾನ್‌ಗಾರ್ಡ್ ತಡೆಯುತ್ತಿದ್ದುದರಿಂದ ಕೆಲವರ ಯಂತ್ರಗಳಲ್ಲಿ ತಾಪಮಾನ ತೋರಿಸುವ, ಫ್ಯಾನ್ ನಿಯಂತ್ರಿಸುವ ತಂತ್ರಾಂಶಗಳು ನಿಂತುಹೋದವು. ಆ ದಿನಗಳಲ್ಲೇ ಪರದೆಯ ಮೂಲೆಯಲ್ಲಿ ಒಂದು ಐಕಾನ್ ಕೊಟ್ಟು, ವ್ಯಾನ್‌ಗಾರ್ಡ್ ಓಡುತ್ತಿರುವುದನ್ನು ನೋಡಲು ಮತ್ತು ಬೇಡವಾದಾಗ ನಿಲ್ಲಿಸಲು ಅವಕಾಶ ಕಲ್ಪಿಸಲಾಯಿತು. ನಿಲ್ಲಿಸಿದ ಮೇಲೆ ಮತ್ತೆ ಆಡಬೇಕಿದ್ದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು.

ಈ ಐಕಾನ್ ಸಣ್ಣ ಸಂಗತಿಯಾಗಿ ಕಂಡರೂ ಇಡೀ ಪ್ರಕರಣದಲ್ಲಿ ಆಟಗಾರರಿಗೆ ದೊರೆತ ಅತ್ಯಂತ ಮೌಲ್ಯಯುತ ಬದಲಾವಣೆ ಅದೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಸಾಮಾನ್ಯ ಬಳಕೆದಾರನಿಗೆ ಇಂಥದ್ದೊಂದು ತನ್ನ ಯಂತ್ರದಲ್ಲಿ ಇದೆ ಎಂಬುದೇ ಕಾಣುತ್ತಿರಲಿಲ್ಲ. ಕಾಣದೆ ಇರುವುದನ್ನು ಪ್ರಶ್ನಿಸುವುದು ಹೇಗೆ? ಆದರೆ ಬಹಿರಂಗಪಡಿಸಬೇಕೆಂಬ ಈ ಅರಿವು ಗೇಮನ್ನು ಆಟಗಾರರ ಕೈಗೆ ಕೊಡುವ ಮೊದಲೇ ಇರಬೇಕಿತ್ತು, ಕೂಗಾಟ ಎದ್ದ ಮೇಲೆ ಬರಬಾರದಿತ್ತು. ಹೊರಗಿನವರ ಪರೀಕ್ಷೆಯ ವಿಷಯದಲ್ಲೂ ಅಷ್ಟೇ. ಪರೀಕ್ಷೆ ಮಾಡಿಸಿದ್ದೇವೆ ಎನ್ನುವುದಕ್ಕೂ ಆ ಪರೀಕ್ಷೆಯ ವರದಿಯನ್ನು ಆಟಗಾರರ ಮುಂದಿಡುವುದಕ್ಕೂ ಬಹಳ ಅಂತರವಿದೆ.

ಆಟಗಾರನ ಯಂತ್ರದೊಳಗೆ ಇಳಿಯದೆಯೂ ಮೋಸ ತಡೆಯುವ ದಾರಿಯನ್ನು ರಯಟ್ ಸ್ವತಃ ತೋರಿಸಿಕೊಟ್ಟಿದೆ ಎಂಬುದೂ ಇಲ್ಲಿ ಪ್ರಸ್ತುತ. ವ್ಯಾಲರಂಟ್‌ನಲ್ಲಿ ‘ಫಾಗ್ ಆಫ್ ವಾರ್’ ಎಂಬ ವ್ಯವಸ್ಥೆ ಇದೆ. ಎದುರಾಳಿ ಕಣ್ಣಿಗೆ ಬೀಳುವ ಸಂದರ್ಭ ಹತ್ತಿರವಾಗುವವರೆಗೆ ಅವನಿರುವ ಜಾಗದ ಮಾಹಿತಿಯನ್ನು ಸರ್ವರ್ ನಮ್ಮ ಕಂಪ್ಯೂಟರಿಗೆ ಕಳಿಸುವುದೇ ಇಲ್ಲ. ಕಂಪ್ಯೂಟರಿನಲ್ಲಿ ಇಲ್ಲದ ಮಾಹಿತಿಯನ್ನು ಯಾವ ವಾಲ್‌ಹ್ಯಾಕ್ ಕದಿಯಬಲ್ಲದು? ಏಮ್‌ಬಾಟ್‌ಗೆ ಇದು ಮದ್ದಲ್ಲ, ನಿಜ. ಆದರೆ ಗೇಮಿನ ವಿನ್ಯಾಸದಲ್ಲೇ ಮಾಡಬಹುದಾದದ್ದನ್ನು ಮಾಡಿ, ಉಳಿದದ್ದಕ್ಕೆ ಮಾತ್ರ ಆಟಗಾರನ ಯಂತ್ರವನ್ನು ಮುಟ್ಟುವುದು ಸರಿಯಾದ ಕ್ರಮ. ಇಂಥ ವಿನ್ಯಾಸಕ್ಕೆ ಶ್ರಮ ಹಾಕದೆ ಸಿದ್ಧ ಕರ್ನಲ್ ಡ್ರೈವರ್ ಒಂದನ್ನು ಖರೀದಿಸಿ ಅಂಟಿಸುವ ಕಂಪನಿಗಳಿಗೆ ಹೋಲಿಸಿದರೆ ಈ ಒಂದು ವಿಷಯದಲ್ಲಿ ರಯಟ್ ಮೆಚ್ಚುಗೆಗೆ ಅರ್ಹ.

ಭಯಕ್ಕೆ ಆಧಾರವಿದೆಯೇ

ವ್ಯಾನ್‌ಗಾರ್ಡ್ ಬಗ್ಗೆ ಆತಂಕ ಪಟ್ಟವರನ್ನು ‘ಸುಮ್ಮನೆ ಹೆದರುವವರು’ ಎಂದು ತಳ್ಳಿಹಾಕಿದವರಿದ್ದಾರೆ. ಈ ಕ್ಷೇತ್ರದ ಇತಿಹಾಸ ಬಲ್ಲವರು ಹಾಗೆ ಹೇಳಲಾರರು.

ಅಮೆರಿಕದಲ್ಲಿ ಕೌಂಟರ್-ಸ್ಟ್ರೈಕ್ ಲೀಗ್‌ಗಳನ್ನು ನಡೆಸುತ್ತಿದ್ದ ಇಎಸ್‌ಇಎ ಸಂಸ್ಥೆಯ ಆ್ಯಂಟಿ-ಚೀಟ್ ತಂತ್ರಾಂಶದೊಳಗೆ 2013ರ ಏಪ್ರಿಲ್‌ನಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಯ, ಅಂದರೆ ಕಂಪ್ಯೂಟರನ್ನು ದುಡಿಸಿ ಡಿಜಿಟಲ್ ನಾಣ್ಯ ಗಳಿಸುವ, ಕೋಡ್ ಸೇರಿಕೊಂಡಿತ್ತು. ಮೋಸ ತಡೆಯಲೆಂದು ಆಟಗಾರರು ನಂಬಿ ಹಾಕಿಸಿಕೊಂಡ ತಂತ್ರಾಂಶವೇ ಅವರ ಗ್ರಾಫಿಕ್ಸ್ ಕಾರ್ಡುಗಳನ್ನು ದುಡಿಸಿಕೊಂಡು ಬೇರೆಯವರಿಗೆ ಹಣ ಮಾಡಿಕೊಡುತ್ತಿತ್ತು. ಇದು ಒಬ್ಬ ಉದ್ಯೋಗಿಯ ಕೃತ್ಯ ಎಂದು ಸಂಸ್ಥೆ ಹೇಳಿತು. ನ್ಯೂಜೆರ್ಸಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ನಡೆಸಿದಾಗ ಸುಮಾರು 14,000 ಕಂಪ್ಯೂಟರ್‌ಗಳು ಇದಕ್ಕೆ ಬಲಿಯಾಗಿದ್ದು ಗೊತ್ತಾಯಿತು. ಆಟಗಾರರು ಸಂಸ್ಥೆಯ ಸೇವೆಯನ್ನು ಬಳಸದಿರುವಾಗಲೂ ಅವರ ಯಂತ್ರಗಳ ಮೇಲೆ ನಿಗಾ ಇಡುವ ಸಾಮರ್ಥ್ಯ ಆ ತಂತ್ರಾಂಶಕ್ಕಿತ್ತು ಎಂಬ ಆರೋಪವೂ ದಾಖಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ 10 ಲಕ್ಷ ಡಾಲರ್‌ಗೆ ಪ್ರಕರಣ ರಾಜಿಯಾಯಿತು. ಅದರಲ್ಲಿ 3,25,000 ಡಾಲರ್ ಕಟ್ಟಬೇಕಿತ್ತು, ಉಳಿದದ್ದನ್ನು ಷರತ್ತಿನ ಮೇಲೆ ತಡೆಹಿಡಿಯಲಾಯಿತು. ಇಲ್ಲಿ ಗಮನಿಸಬೇಕಾದ್ದು ಗಣಿಗಾರಿಕೆಯಿಂದ ಬಂದ ಮೊತ್ತವನ್ನಲ್ಲ, ಅದು ಕೆಲವೇ ಸಾವಿರ ಡಾಲರ್. ಒಳಗಿನ ಒಬ್ಬ ವ್ಯಕ್ತಿ ಮನಸ್ಸು ಮಾಡಿದರೆ ಸಾವಿರಾರು ಮನೆಗಳ ಯಂತ್ರಗಳನ್ನು ತನ್ನಿಚ್ಛೆಯಂತೆ ಬಳಸಿಕೊಳ್ಳಬಹುದು ಎಂಬುದು ಅಂದೇ ಸಾಬೀತಾಯಿತು.

ಎರಡನೆಯ ಅಪಾಯ ಹೊರಗಿನಿಂದ ಬರುವಂಥದ್ದು. ಗೆನ್‌ಶಿನ್ ಇಂಪ್ಯಾಕ್ಟ್ ಗೇಮಿನ ಆ್ಯಂಟಿ-ಚೀಟ್ ಡ್ರೈವರ್‌ನಲ್ಲಿದ್ದ ಲೋಪವನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಕೋರರು ಆ್ಯಂಟಿವೈರಸ್ ಅನ್ನೇ ಕೊಲ್ಲಲು ಬಳಸಿಕೊಂಡ ಘಟನೆಯನ್ನು ಟ್ರೆಂಡ್ ಮೈಕ್ರೋ ಸಂಸ್ಥೆ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ದಾಳಿಗೆ ಗುರಿಯಾದ ಯಂತ್ರದಲ್ಲಿ ಆ ಗೇಮ್ ಇರಬೇಕಾದ ಅಗತ್ಯವೇ ಇರಲಿಲ್ಲ. ಸರಿಯಾದ ಸಹಿಯಿದ್ದ ಡ್ರೈವರ್ ಕಡತವನ್ನು ದಾಳಿಕೋರರು ಜೊತೆಗೇ ತಂದುಹಾಕಿದರು, ವಿಂಡೋಸ್ ಅದನ್ನು ನಂಬಿ ಒಳಬಿಟ್ಟಿತು. ಹೀಗಾಗಿ ‘ಬೇಡವಾದರೆ ಗೇಮ್ ಹಾಕಿಕೊಳ್ಳಬೇಡಿ’ ಎಂಬ ಸುಲಭದ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಕಳಪೆಯಾಗಿ ಬರೆದ ಕರ್ನಲ್ ಡ್ರೈವರ್‌ನ ಬೆಲೆಯನ್ನು ಗೇಮಿನ ಹೆಸರೇ ಕೇಳದ ಆಸ್ಪತ್ರೆ, ಕಚೇರಿಗಳೂ ತೆರಬೇಕಾಗಬಹುದು.

ಮೂರನೆಯದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಅಂದು ಚೆಕ್-ಇನ್ ವ್ಯವಸ್ಥೆ ಅಸ್ತವ್ಯಸ್ತವಾಗಿ ಪ್ರಯಾಣಿಕರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಅದು ಗೇಮ್‌ಗೆ ಸಂಬಂಧಿಸಿದ ತಂತ್ರಾಂಶವಲ್ಲ. ಆದರೆ ಕರ್ನಲ್‌ನಲ್ಲಿ ಕುಳಿತ ಒಂದು ಡ್ರೈವರ್‌ನ ಸಣ್ಣ ತಪ್ಪು ಎಷ್ಟು ದೂರ ತಲುಪಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಈವರೆಗೆ ಸಿಕ್ಕಿಲ್ಲ.

ಇನ್ನು ರಯಟ್‌ನದೇ ಮಾತು. 2023ರ ಜನವರಿಯಲ್ಲಿ ದಾಳಿಕೋರರು ಸಿಬ್ಬಂದಿಯನ್ನು ನಂಬಿಸಿ ವಂಚಿಸಿ ಕಂಪನಿಯ ಜಾಲದೊಳಗೆ ನುಗ್ಗಿ, ರಯಟ್‌ನದೇ ಇನ್ನೊಂದು ಗೇಮ್ ಲೀಗ್ ಆಫ್ ಲೆಜೆಂಡ್ಸ್‌ನ ಮತ್ತು ಒಂದು ಹಳೆಯ ಆ್ಯಂಟಿ-ಚೀಟ್ ವ್ಯವಸ್ಥೆಯ ಮೂಲ ಕೋಡನ್ನು ಕದ್ದು ಹಣಕ್ಕೆ ಬೇಡಿಕೆಯಿಟ್ಟರು. ಕಂಪನಿ ಹಣ ಕೊಡಲಿಲ್ಲ, ವಿಷಯವನ್ನೂ ಮುಚ್ಚಿಡಲಿಲ್ಲ, ಆಟಗಾರರ ಮಾಹಿತಿ ಸೋರಿಲ್ಲವೆಂದು ತಿಳಿಸಿತು. ಪ್ರಾಮಾಣಿಕ ನಡವಳಿಕೆಯೇ ಸರಿ. ಆದರೂ ಕೋಟ್ಯಂತರ ಯಂತ್ರಗಳ ಕರ್ನಲ್‌ಗೆ ಕೀಲಿ ಹಿಡಿದವರ ಬಾಗಿಲನ್ನೂ ಒಡೆಯಬಹುದು ಎಂಬುದನ್ನು ಆ ಘಟನೆ ತೋರಿಸಿತು.

2024: ಹಳೆಯ ಆಟಗಾರರಿಗೆ ಹೊಸ ಷರತ್ತು

ವ್ಯಾಲರಂಟ್ ಆಡುವವರು ಮೊದಲ ದಿನವೇ ವ್ಯಾನ್‌ಗಾರ್ಡ್ ಒಪ್ಪಿಕೊಂಡು ಬಂದವರು. ಲೀಗ್ ಆಫ್ ಲೆಜೆಂಡ್ಸ್‌ನವರ ಸ್ಥಿತಿ ಬೇರೆ. 2009ರಲ್ಲಿ ಬಿಡುಗಡೆಯಾದ ಆ ಗೇಮಿಗೆ 2024ರ ಮೇ ತಿಂಗಳಲ್ಲಿ ವ್ಯಾನ್‌ಗಾರ್ಡ್ ಕಡ್ಡಾಯವಾಯಿತು. ಹತ್ತು ಹದಿನೈದು ವರ್ಷಗಳಿಂದ ಸಮಯವನ್ನೂ ಹಣವನ್ನೂ ಹೂಡಿ ಕಟ್ಟಿಕೊಂಡ ಖಾತೆಯ ಮುಂದೆ ‘ಕರ್ನಲ್ ಪ್ರವೇಶಕ್ಕೆ ಒಪ್ಪಿ, ಇಲ್ಲವಾದರೆ ಇಲ್ಲಿಗೆ ಮುಗಿಯಿತು’ ಎಂಬ ಆಯ್ಕೆ ಬಂದು ನಿಂತಿತು. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಹೇಗೋ ಹೊಂದಿಸಿಕೊಂಡು ಆಡುತ್ತಿದ್ದ ಸಣ್ಣ ಗುಂಪಿಗೆ ಆಟವೇ ಕೈತಪ್ಪಿತು. ಒಪ್ಪಿಗೆಯ ದೃಷ್ಟಿಯಿಂದ ಇಡೀ ಪ್ರಕರಣದ ಅತ್ಯಂತ ದುರ್ಬಲ ಕೊಂಡಿ ಇದು. ಬಿಟ್ಟುಹೋದರೆ ಏನೂ ಕಳೆದುಕೊಳ್ಳದವನು ಕೊಡುವ ಒಪ್ಪಿಗೆಯೂ, ಹದಿನೈದು ವರ್ಷಗಳನ್ನು ಕಳೆದುಕೊಳ್ಳುವವನು ಕೊಡುವ ಒಪ್ಪಿಗೆಯೂ ಒಂದೇ ತೂಕದವಲ್ಲ.

ಇದೇ ಸಮಯದಲ್ಲಿ ವ್ಯಾನ್‌ಗಾರ್ಡ್ ಪರದೆಯ ಚಿತ್ರ ತೆಗೆಯುತ್ತದೆಯೇ ಎಂಬ ಪ್ರಶ್ನೆಯೂ ಎದ್ದಿತು. ಅನುಮಾನಾಸ್ಪದ ಸಂದರ್ಭಗಳಲ್ಲಿ ಗೇಮ್ ಕಾಣುತ್ತಿರುವ ಪರದೆಯ ಭಾಗವನ್ನಷ್ಟೇ ಸೆರೆಹಿಡಿಯಲಾಗುತ್ತದೆ ಎಂದು ಕಂಪನಿ ಒಪ್ಪಿಕೊಂಡಿತು. ಗೇಮಿನ ಕಿಟಕಿಯ ಮೇಲೆ ಆ ಕ್ಷಣ ಒಂದು ವಾಟ್ಸ್‌ಆ್ಯಪ್ ಸಂದೇಶವೋ ಬ್ಯಾಂಕಿನ ಸೂಚನೆಯೋ ತೆರೆದುಕೊಂಡಿದ್ದರೆ ಅದೂ ಚಿತ್ರದಲ್ಲಿ ಸೇರುವ ಸಾಧ್ಯತೆಯನ್ನು ಆಟಗಾರನಿಗೆ ಮೊದಲೇ, ಸರಳ ಮಾತಿನಲ್ಲಿ ಹೇಳಬೇಕಿತ್ತು. ಮೋಸ ಮಾಡಿದವರ ಖಾತೆಯಷ್ಟೇ ಅಲ್ಲದೆ ಯಂತ್ರವನ್ನೇ ಗುರುತಿಸಿ ನಿಷೇಧಿಸುವ ಪದ್ಧತಿಯೂ ಇದೆ. ಅಣ್ಣ ಮಾಡಿದ ಮೋಸಕ್ಕೆ ಅದೇ ಕಂಪ್ಯೂಟರ್ ಬಳಸುವ ತಂಗಿಯೂ, ಹಳೆಯ ಯಂತ್ರ ಕೊಂಡ ಅಪರಿಚಿತನೂ ಹೊರಗುಳಿಯಬೇಕಾಗುವ ಸಂದರ್ಭ ಇದರಿಂದ ಬರುತ್ತದೆ. ಮನೆಗೊಂದೇ ಕಂಪ್ಯೂಟರ್ ಇರುವ, ಗೇಮಿಂಗ್ ಕೆಫೆಗಳಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುವ ನಮ್ಮಂಥ ಕಡೆ ಇದು ಹೆಚ್ಚು ಕಾಡುತ್ತದೆ.

ಭಾರತದಲ್ಲಿ ಈ ಪ್ರಶ್ನೆ

ರಯಟ್‌ನ ಪೂರ್ಣ ಒಡೆತನ 2015ರಿಂದ ಚೀನಾದ ಟೆನ್ಸೆಂಟ್ ಕಂಪನಿಯದು. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ಪಬ್ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅವುಗಳೊಂದಿಗೆ ಟೆನ್ಸೆಂಟ್‌ನ ಹೆಸರೂ ಸುದ್ದಿಯಾಯಿತು. ಮೊಬೈಲ್ ಆ್ಯಪ್‌ಗಿಂತ ಎಷ್ಟೋ ಆಳಕ್ಕೆ ಇಳಿಯುವ ಕರ್ನಲ್ ಡ್ರೈವರ್‌ಗಳ ಬಗ್ಗೆ ಆಗ ಚರ್ಚೆ ನಡೆಯಲಿಲ್ಲ. ಒಡೆತನದ ದೇಶ ನೋಡಿ ಭಯಪಡುವುದು ಒಂದು ಬಗೆ. ಯಾವ ದೇಶದ ಕಂಪನಿಯೇ ಆಗಲಿ, ಎಷ್ಟು ಅಧಿಕಾರ ಕೇಳುತ್ತಿದೆ ಎಂದು ಅಳೆಯುವುದು ಇನ್ನೊಂದು. ಎರಡನೆಯದೇ ನಮಗೆ ಬೇಕಾದದ್ದು, ಏಕೆಂದರೆ ಇಎಸ್‌ಇಎ ಅಮೆರಿಕದ್ದೇ ಸಂಸ್ಥೆಯಾಗಿತ್ತು.

ಆ ಅಳತೆಗೋಲು ನಮ್ಮಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಸರ್ಕಾರ ಆ ಹಕ್ಕಿನಲ್ಲಿ ಕೈಯಿಡುವಾಗ ಉದ್ದೇಶ ನ್ಯಾಯಯುತವಾಗಿದ್ದರಷ್ಟೇ ಸಾಲದು, ಹಿಡಿದ ದಾರಿ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ತತ್ವ ಆ ತೀರ್ಪಿನಲ್ಲಿದೆ. ಖಾಸಗಿ ಕಂಪನಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಪ್ರಶ್ನೆ ಕೇಳುವ ವಿಧಾನವನ್ನು ಕಲಿಸುತ್ತದೆ. ಆ ವಿಧಾನದಿಂದ ನೋಡಿದರೆ, ಗೇಮ್ ನಡೆಯುವಾಗಿನ ಕಾವಲು ಉದ್ದೇಶಕ್ಕೆ ತಕ್ಕದ್ದೆಂದು ಒಪ್ಪಬಹುದು. ಆಟವಾಡದ ದಿನಗಳ ಕಾವಲು ಹಾಗಲ್ಲ. ಆಡುವ ಮುನ್ನ ಒಮ್ಮೆ ರೀಸ್ಟಾರ್ಟ್ ಮಾಡಿ ವ್ಯಾನ್‌ಗಾರ್ಡ್ ಎಬ್ಬಿಸಿಕೊಳ್ಳುವುದೇ ಮೂಲ ವ್ಯವಸ್ಥೆಯಾಗಿ, ಸದಾ ಇರಲಿ ಎನ್ನುವವರು ತಾವೇ ಹಾಗೆ ಆರಿಸಿಕೊಳ್ಳುವಂತಿದ್ದರೆ ಮೋಸವೂ ತಡೆಯುತ್ತಿತ್ತು, ಖಾಸಗಿತನವೂ ಉಳಿಯುತ್ತಿತ್ತು. ಸ್ಟೀಮ್ ಎಂಬ ಗೇಮ್ ಮಾರಾಟ ತಾಣವು 2024ರ ಅಕ್ಟೋಬರ್ ಅಂತ್ಯದಿಂದ, ಕರ್ನಲ್ ಮಟ್ಟದ ಆ್ಯಂಟಿ-ಚೀಟ್ ಇದ್ದರೆ ಅದನ್ನು ಗೇಮಿನ ಪುಟದಲ್ಲೇ ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದೆ. ಕೊಳ್ಳುವ ಮುನ್ನ ತಿಳಿಯುವುದು ಕನಿಷ್ಠ ನ್ಯಾಯ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಇನ್ನೂ ಮುಂದೆ ಹೋಗುತ್ತದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಅರಿತು ಕೊಟ್ಟದ್ದಾಗಿರಬೇಕು, ಅಗತ್ಯವಿರುವ ಮಾಹಿತಿಗಷ್ಟೇ ಸೀಮಿತವಾಗಿರಬೇಕು ಎನ್ನುತ್ತದೆ. ಆ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಪಡೆಯುವ ಆಯ್ಕೆ ಬಳಕೆದಾರನಿಗೆ ಇರಬೇಕು. 18 ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವುದನ್ನೂ ಕಾಯ್ದೆ ನಿರ್ಬಂಧಿಸುತ್ತದೆ. ಆಟಗಾರನ ಮೌಸ್ ಚಲನೆ, ಗುರಿಯಿಡುವ ರೀತಿ, ಯಂತ್ರದ ಗುರುತುಗಳನ್ನು ಆಧರಿಸಿ ಮೋಸ ಪತ್ತೆಹಚ್ಚುವುದು ಈ ನಿರ್ಬಂಧದೊಳಗೆ ಬರುತ್ತದೆಯೇ ಎಂಬುದು ತೀರ್ಮಾನವಾಗಬೇಕಾದ ಗಂಭೀರ ಪ್ರಶ್ನೆ, ಏಕೆಂದರೆ ಇಂಥ ಗೇಮ್‌ಗಳನ್ನು ಆಡುವವರಲ್ಲಿ ಹೈಸ್ಕೂಲು, ಪಿಯುಸಿ ವಿದ್ಯಾರ್ಥಿಗಳು ಕಡಿಮೆಯೇನಿಲ್ಲ. ಮಗ ಗೇಮ್ ಹಾಕಿಕೊಳ್ಳಲು ‘ಯೆಸ್’ ಒತ್ತಿದ ಅದೇ ಕಂಪ್ಯೂಟರಿನಲ್ಲಿ ಅಪ್ಪ ಬ್ಯಾಂಕ್ ವ್ಯವಹಾರ ಮಾಡುತ್ತಾರೆ, ಅಮ್ಮ ಕಚೇರಿಯ ಕಡತ ತೆರೆಯುತ್ತಾರೆ. ಆ ‘ಯೆಸ್’ನಲ್ಲಿ ಅವರಿಬ್ಬರ ಒಪ್ಪಿಗೆ ಇರುವುದಿಲ್ಲ.

ಈ ಕಾಯ್ದೆಯ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಒಪ್ಪಿಗೆ, ಸೂಚನೆ ಮತ್ತು ಮಕ್ಕಳಿಗೆ ಸಂಬಂಧಿಸಿದ ಮುಖ್ಯ ಭಾಗಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಲಿವೆ. ಅಲ್ಲಿಯವರೆಗಿನ ಸಮಯದಲ್ಲಿ ಭಾರತದಲ್ಲಿ ಗೇಮ್ ನಡೆಸುವ ಪ್ರತಿ ಕಂಪನಿಯೂ ತನ್ನ ಡ್ರೈವರ್ ಯಾವಾಗ ಓಡುತ್ತದೆ, ಏನನ್ನು ನೋಡುತ್ತದೆ, ಏನನ್ನು ಕಳಿಸುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಗೇಮ್ ತೆಗೆದಾಗ ಡ್ರೈವರ್ ಕೂಡ ಹೋಗುತ್ತದೆಯೇ ಅಥವಾ ಅದನ್ನು ಪ್ರತ್ಯೇಕವಾಗಿ ತೆಗೆಯಬೇಕೇ ಎಂಬುದನ್ನು ಒಂದು ಪುಟದ ಕನ್ನಡದಲ್ಲಿ ಬರೆದು, ಡೌನ್‌ಲೋಡ್ ಗುಂಡಿಯ ಪಕ್ಕದಲ್ಲಿ ಇಡಬೇಕೆಂದು ಆಟಗಾರರೂ ಪೋಷಕರೂ ಈಗಿನಿಂದಲೇ ಕೇಳಬೇಕು.